ಗೀರು ಹಾಕಿದ ಪೆಟ್ಟಿಗೆ

"ಅಯ್ಯೋ, ಅದು ತಿಲ್ಲೈ ಮಾಮನ ಪೆಟ್ಟಿಗೆ!"

ಮೂರನೇ ಕ್ಲಾಸಿನ ತರ್ಸಿಕಾ ಹೀಗೆ ಕೂಗಿದಾಗ ಇಡೀ ಶಾಲೆ ಗೊಳ್ಳೆಂದಿತು. ಶಾಲೆಯೆಂದರೆ ಮೇಲೊಂದು ತಗಡು, ಸುತ್ತ ಸೊಂಟದೆತ್ತರಕ್ಕೆ ತಾಳೆಗರಿಯ ತಟ್ಟಿ, ಕೆಳಗೆ ಮರಳು. ಮಕ್ಕಳ ಎದುರಿಗೆ ವಸಂತಮಾಲಾ ನಿಂತಿದ್ದಳು. ನೆಲದಲ್ಲಿ ಹೂತ ಬಾಂಬುಗಳನ್ನು ಹುಡುಕಿ ತೆಗೆಯುವ ತಂಡದ ಹೆಂಗಸು ಅವಳು. ಗಂಡ ಕೊನೆಯ ಯುದ್ಧದಲ್ಲಿ ಹೋದಮೇಲೆ ಇನ್ನೇನು ಮಾಡುವುದೆಂದು ಈ ಕೆಲಸಕ್ಕೆ ಸೇರಿಕೊಂಡವಳು. ತಟ್ಟಿಗೆ ಹೊಸ ಚಿತ್ರಪಟವೊಂದನ್ನು ನೇತುಹಾಕಿ, ಕೋಲಿನಲ್ಲಿ ಒಂದೊಂದೇ ತೋರಿಸುತ್ತಿದ್ದಳು. ಹಸಿರು ಪ್ಲಾಸ್ಟಿಕ್ಕಿನ ಬಿಲ್ಲೆ, ಮುಟ್ಟಬಾರದು. ತುಕ್ಕು ಹಿಡಿದ ಶೆಲ್ಲು, ಮುಟ್ಟಬಾರದು. ಕೊನೆಯದು, ಒಳಗೆ ಮದ್ದು ತುಂಬಿ ಹೂಳುತ್ತಿದ್ದ, ಮಣ್ಣು ಮೆತ್ತಿದ ಒಂದು ಪುಟ್ಟ ಮರದ ಪೆಟ್ಟಿಗೆ.

ತಿಲ್ಲೈ ಬಾಗಿಲಲ್ಲೇ ಇದ್ದ. ಅಕ್ಷರ ಕೆತ್ತಿದ ಬಿಲ್ಲೆಗಳಿರುವ ಹತ್ತು ಹೊಸ ಪೆಟ್ಟಿಗೆಗಳ ಚೀಲವನ್ನು ಸೈಕಲ್ಲಿನಿಂದ ಇಳಿಸಿ ಈಗಷ್ಟೇ ಒಳಗೆ ಬಂದಿದ್ದ. ಪೂರ್ತಿ ಹೆಸರು ತಿಲ್ಲೈಯಂಬಲಂ, ಕಸುಬು ಬಡಗಿ, ವಯಸ್ಸು ಐವತ್ತೆರಡು. ಮರುದಡಿಕುಳ ಎಂಬ ಆ ಊರಿನ ಮಕ್ಕಳಿಗೆಲ್ಲ ಆಟದ ಸಾಮಾನು ಮಾಡಿಕೊಡುವ ಮಾಮ.

"ನಿಜ ಕಣಣ್ಣ," ವಸಂತಮಾಲಾ ನಕ್ಕಳು. "ಥೇಟ್ ಅವಳಿ ಜವಳಿ ಇದ್ದಂಗಿದೆ. ನಾವು ಒಂದು ಕಡೆಯಿಂದ ತೆಗೀತಾ ಬರ್ತೀವಿ, ನೀವು ಒಂದು ಕಡೆಯಿಂದ ಮಾಡ್ತಾ ಬನ್ನಿ!"

ಮಕ್ಕಳು ಮತ್ತೆ ನಕ್ಕರು. ಸಿವನೇಸ್ವರಿ ಟೀಚರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ತಿಲ್ಲೈ ಚೀಲವನ್ನು ನೆಲಕ್ಕಿಟ್ಟ. ಏನಾದರೂ ಹೇಳಲೇಬೇಕಿತ್ತು. ತಡಮಾಡಿದರೆ ಯಾರಾದರೂ ಮುಖ ನೋಡಿಬಿಡುತ್ತಾರೆ. ಚೀಲದಿಂದ ಒಂದು ಪೆಟ್ಟಿಗೆ ತೆಗೆದು ಎತ್ತಿಹಿಡಿದ.

"ನಂದೇ ಬೇರೆ ಕಣ್ರೋ. ಇಲ್ಲಿ ನೋಡಿ, ಮುಚ್ಚಳದ ಮೂಲೇಲಿ ಓರೆ ಗೀರು. ಗೀರಿದ್ರೆ ಮಾಮಂದು. ಗೀರಿದ್ರೆ ಹೆದರ್ಕೋಬೇಡಿ, ಆಯ್ತಾ?"

"ಗೀರಿದ್ರೆ ಮಾಮಂದು! ಗೀರಿದ್ರೆ ಮಾಮಂದು!" ನಲವತ್ತು ಮಕ್ಕಳು ಮಗ್ಗಿ ಹೇಳುವ ರಾಗದಲ್ಲಿ ಹಾಡಿದರು.

ಪಾಠ ಮುಗಿಯಿತು. ವಸಂತಮಾಲಾ ಟೀಚರ ಹತ್ತಿರ ನೀರು ಕೇಳಲು ಹೋದಾಗ ತಿಲ್ಲೈ ಪಟದ ಹತ್ತಿರ ಹೋಗಿ ಬಗ್ಗಿ ನೋಡಿದ. ಫೋಟೋದಲ್ಲಿ ಮಣ್ಣು ಒಂದಿಷ್ಟು ಉದುರಿದ ಕಡೆ, ಮುಚ್ಚಳದ ಬಲ ಮೂಲೆಯಲ್ಲಿ, ಓರೆಯಾಗಿ ಒಂದು ಗೀರು ಇತ್ತು.

ಹಿಂದಿರುಗಿ ನೋಡದೆ ಸೈಕಲ್ ಹಿಡಿದು ಹೊರಟ. ಕೆರೆ ಏರಿಯವರೆಗೂ ತಳ್ಳಿಕೊಂಡೇ ನಡೆದ.

ಆ ಗೀರು ಅವನಪ್ಪನದು. ಅಪ್ಪ ಬಾಗಿಲು ಮಾಡಲಿ, ಪೆಟಾರಿ ಮಾಡಲಿ, ಮಗುವಿನ ತೊಟ್ಟಿಲು ಮಾಡಲಿ, ಕೊನೆಗೆ ಉಳಿಯ ತುದಿಯಿಂದ ಬಲ ಮೂಲೆಯಲ್ಲಿ ಒಂದು ಗೀರು ಎಳೆಯುತ್ತಿದ್ದ. ನಮ್ಮ ಮನೆ ಕೆಲಸ ಅಂತ ಗೊತ್ತಾಗಬೇಕು ಅನ್ನುತ್ತಿದ್ದ. ಮಗನ ಕೈಗೆ ಮೊದಲು ಕಲಿಸಿದ್ದೇ ಅದನ್ನು, ಆಮೇಲೆ ಕೀಸುಳಿ. ಊರಿನಿಂದ ಊರಿಗೆ ಓಡುವಾಗ ಮನೆ ಹೋಯಿತು, ತೋಟ ಹೋಯಿತು, ಅಪ್ಪ ದಾರಿಯಲ್ಲೇ ಹೋದ. ಗೀರು ಮಾತ್ರ ಕೈಯಲ್ಲಿ ಉಳಿಯಿತು.

ಆಗ ಆ ಸೀಮೆಯನ್ನು ಆಳುತ್ತಿದ್ದವರು ಸರ್ಕಾರದ ಸೇನೆಗೆ ಎದುರು ನಿಂತ ಬಂದೂಕಿನ ಹುಡುಗರು. ಒಂದು ದಿನ ಬಂದು, ಮನೆಗೊಬ್ಬರು ಕೆಲಸಕ್ಕೆ ಬರಬೇಕು ಅಂದರು. ಮಗಳಿಗೆ ಹದಿನೈದು. ಅವಳ ಬದಲು ತಾನು ಹೊರಟ. ಕಾಡಿನೊಳಗೆ ಒಂದು ಗರಿ ಕೊಟ್ಟಿಗೆ, ಎಂಟು ಜನ ಬಡಗಿಗಳು. ನಾಲ್ಕು ಬೆರಳು ಅಗಲದ, ಅಂಗೈಯಷ್ಟು ಉದ್ದದ ಪೆಟ್ಟಿಗೆ ಮಾಡಬೇಕು, ಅಷ್ಟೇ. ಯಾತಕ್ಕೆ ಎಂದು ಅವನು ಕೇಳಲಿಲ್ಲ. ಕೇಳದಿದ್ದದ್ದು ಗೊತ್ತಿತ್ತು ಎಂದೇ. ಬೆಳಿಗ್ಗೆ ಖಾಲಿ ಪೆಟ್ಟಿಗೆಗಳು ಗೋಣಿಯಲ್ಲಿ ಹೋಗುತ್ತಿದ್ದವು, ಸಂಜೆ ಖಾಲಿ ಗೋಣಿ ಬರುತ್ತಿತ್ತು. ಹನ್ನೊಂದು ತಿಂಗಳು. ಕೈ ತನ್ನಷ್ಟಕ್ಕೆ ತಾನು ಗೀರು ಹಾಕುತ್ತ ಹೋಯಿತು. ಯಾರೂ ಬೇಡ ಅನ್ನಲಿಲ್ಲ, ಯಾರೂ ನೋಡಲೂ ಇಲ್ಲ.

ಇಷ್ಟೆಲ್ಲ ಮಾಡಿಯೂ ಮಗಳು ಉಳಿಯಲಿಲ್ಲ. ಕೊನೆಯ ತಿಂಗಳು ಕಡಲ ದಂಡೆಯಲ್ಲಿ ಶೆಲ್ಲು ಬಿತ್ತು.

ಯುದ್ಧ ಮುಗಿದು ಮುಳ್ಳುತಂತಿಯ ಶಿಬಿರಕ್ಕೆ ಸೇರಿಸುವಾಗ ಸೇನೆಯ ಧ್ವನಿವರ್ಧಕ ಕೂಗಿತು: ಹುಡುಗರ ಜೊತೆ ಒಂದೇ ಒಂದು ದಿನ ಇದ್ದವರೂ ಮುಂದೆ ಬರಬೇಕು. ಹೋದವರಲ್ಲಿ ಕೆಲವರು ಎರಡು ವರ್ಷಕ್ಕೆ ಬಂದರು, ಕೆಲವರು ಬರಲಿಲ್ಲ. ತಿಲ್ಲೈ ಒಂದು ಹೆಜ್ಜೆ ಎತ್ತಿದ್ದ. ಹೆಂಡತಿ ಯೋಗಮಲರ್ ಹಿಂದಿನಿಂದ ಅವನ ಲುಂಗಿ ಹಿಡಿದು ಜಗ್ಗಿದಳು. ಬರೆದುಕೊಳ್ಳುವವನು ಕೆಲಸ ಏನೆಂದು ಕೇಳಿದಾಗ "ಬಾಗಿಲು ಕಿಟಕಿ ಮಾಡ್ತಿದ್ದೆ" ಅಂದ. ಬಾಗಿಲು ಕಿಟಕಿ ಎಂದೇ ಕಾಗದದಲ್ಲಿ ಕೂತಿತು.

ಆ ಶಿಬಿರದಲ್ಲೇ ಅವನ ಆಟ ಹುಟ್ಟಿದ್ದು. ಮಕ್ಕಳಿಗೆ ಪುಸ್ತಕವಿಲ್ಲ, ಸ್ಲೇಟಿಲ್ಲ, ಇದ್ದದ್ದು ಮರಳು ಮಾತ್ರ. ಅವರ ಕಡೆ ಹಳೆಯದೊಂದು ಆಟವಿದೆ. ಮರಳನ್ನು ಮೊಳದುದ್ದ ದಿಂಡು ಮಾಡಿ, ಒಬ್ಬರು ಅದರೊಳಗೆ ಕಡ್ಡಿಯೊಂದನ್ನು ಹಿಂದೆಮುಂದೆ ಆಡಿಸಿ ಒಂದು ಕಡೆ ಬಚ್ಚಿಡಬೇಕು. ಎದುರಿನವರು ಎರಡೂ ಕೈ ಹೆಣೆದು, ಇಲ್ಲಿದೆ ಅನ್ನಿಸಿದ ಕಡೆ ಮರಳಿನ ಮೇಲೆ ಒತ್ತಿ ಮುಚ್ಚಬೇಕು. ತಿಲ್ಲೈ ಕಡ್ಡಿಯ ಬದಲು ಅಕ್ಕಿ ಪೆಟ್ಟಿಗೆಯ ಹಲಗೆ ಚೂರುಗಳಲ್ಲಿ ಅಕ್ಷರ ಕೆತ್ತಿ ಕೊಟ್ಟ. ಸಿಕ್ಕ ಅಕ್ಷರವನ್ನು ಓದಿ, ಅದರಿಂದ ಹುಟ್ಟುವ ಒಂದು ಮಾತು ಹೇಳಿದರೆ ಗೆಲುವು. ಒಂದು ಮಳೆಗಾಲದಲ್ಲಿ ಆ ಸಾಲಿನ ಡೇರೆಗಳ ಮಕ್ಕಳೆಲ್ಲ ಓದಲು ಕಲಿತವು.

ಊರಿಗೆ ಮರಳಿದ ಮೇಲೆ ಪಟ್ಟಣದ ನೆರವು ಕಚೇರಿಯ ಹೆಂಗಸೊಬ್ಬಳು ಇದನ್ನು ನೋಡಿ, ನಮ್ಮ ಭಾಷೆಯ ಮೂವತ್ತೊಂದು ಅಕ್ಷರಗಳ ಕಟ್ಟು ಮಾಡಿಕೊಡಿ, ಕೊಂಡುಕೊಳ್ಳುತ್ತೇವೆ ಅಂದಳು. "ಮಕ್ಕಳು ಬ್ಯಾಗಿನಲ್ಲಿ ಇಟ್ಟುಕೊಳ್ಳೋ ಹಂಗೆ ಒಂದು ಸಣ್ಣ ಪೆಟ್ಟಿಗೇಲಿ ಹಾಕಿಕೊಡಿ" ಅಂತಲೂ ಸೇರಿಸಿದಳು. ತಿಲ್ಲೈ ಹೂವರಸಿ ಮರದ ಹಲಗೆ ತಂದು ಕೂತ. ಅಳತೆಪಟ್ಟಿ ಮುಟ್ಟಲಿಲ್ಲ, ನಾಲ್ಕು ಬೆರಳು ಇಟ್ಟ. ಕೈಗೆ ಬೇರೆ ಪೆಟ್ಟಿಗೆ ಗೊತ್ತಿರಲಿಲ್ಲ. ಮಾಡುವಾಗ ಅವನಿಗೆ ಅದು ಹೊಳೆಯಲೇ ಇಲ್ಲ ಎಂದರೆ ನಂಬುವವರು ನಂಬಬಹುದು. ಬಹಳ ದಿನದ ಮೇಲೆ ಕೈತುಂಬ ಕೆಲಸ, ಅದನ್ನು ಕಾಯುವ ಮಕ್ಕಳು. ಮನುಷ್ಯ ಅಷ್ಟಕ್ಕೇ ಕುರುಡಾಗುತ್ತಾನೆ.

ಮನೆಗೆ ಬಂದಾಗ ಯೋಗಮಲರ್ ತೆಂಗಿನಕಾಯಿ ತುರಿಯುತ್ತಿದ್ದಳು. ಕಪ್ಪು ಚಾ ಕೊಟ್ಟು, ನೆಕ್ಕುತ್ತ ಕುಡಿಯಲೆಂದು ಅವನ ಎಡ ಅಂಗೈಗೆ ಒಂದು ಚಮಚ ಸಕ್ಕರೆ ಹಾಕಿದಳು. ಅವನು ಸಕ್ಕರೆ ನೆಕ್ಕಲಿಲ್ಲ. ಬೆವರಿಗೆ ಅದು ಅಂಗೈಯಲ್ಲೇ ಕರಗಿತು.

"ಯಾಕೆ, ದೆವ್ವ ಕಂಡೋರ ಥರ?"

ಹೇಳಿದ. ಅವಳ ಕೈ ತುರಿಮಣೆಯ ಮೇಲೆ ನಿಂತಿತು.

"ಅದಕ್ಕೂ ಗೀರು ಹಾಕಿದ್ರಾ?"

"ಹಾಕಿದೀನಿ."

"ಇದಕ್ಕೂ?"

"ಇದಕ್ಕೂ."

"ಮಕ್ಕಳಿಗೆ, ಗೀರಿದ್ರೆ ಹೆದರಬೇಡಿ ಅಂದ್ರಾ?"

ಅವನು ಸಕ್ಕರೆಯ ಅಂಗೈಯನ್ನು ಲುಂಗಿಗೆ ಒರೆಸಿದ.

"ಥೂ, ನಿಮ್ಮ ವಂಶದ ಗೀರಿಗೆ ಬೆಂಕಿ ಬೀಳ! ಬಾಯಿ ಮುಚ್ಕೊಂಡಿದ್ರೆ ಆಗ್ತಿರ್ಲಿಲ್ವಾ?"

"ಹೆದರಿಕೆ ಆಯ್ತು ಯೋಗಂ."

"ಈಗ?"

"ಈಗ ಹೆಚ್ಚಾಗಿದೆ."

ನೆಟ್ಟಗೆ ಹೋಗಿ ಆ ಮಾತು ಸುಳ್ಳು, ಗೀರಿದ್ದರೂ ಮುಟ್ಟಬೇಡಿ ಎಂದು ಹೇಳಿದರೆ ಮುಗಿಯಿತು. ಆದರೆ ಹಾಗೆ ಅಂದ ಗಳಿಗೆಯಲ್ಲೇ ಮುಂದಿನ ಪ್ರಶ್ನೆ ಬರುತ್ತದೆ: ಹೂತ ಪೆಟ್ಟಿಗೆಗೆ ನಿನ್ನ ಗೀರು ಹೇಗೆ ಬಂತು? ಶಾಲೆಯ ವಿಷಯ ಸಂಜೆಯೊಳಗೆ ಕೂಡುರಸ್ತೆಯ ಸೇನಾ ಶಿಬಿರಕ್ಕೆ ಮುಟ್ಟುತ್ತದೆ. ಅಲ್ಲಿಂದ ಮಫ್ತಿಯವರು ಬರುತ್ತಾರೆ. ಹೋದವನು ವಾಪಸು ಬಂದರೆ ಬಂದ.

"ಪೆಟ್ಟಿಗೇನೆಲ್ಲ ವಾಪಸ್ ತಗೊಂಡು ಸುಟ್ಬಿಡಿ," ಯೋಗಮಲರ್ ಅಂದಳು. "ಬಣ್ಣ ಸರಿಯಿಲ್ಲ, ಮಕ್ಕಳಿಗೆ ಹೊಟ್ಟೆ ಕೆಡುತ್ತೆ ಅಂತ ಹೇಳಿ. ಪೆಟ್ಟಿಗೇನೇ ಇಲ್ಲ ಅಂದ್ರೆ ಗೀರು ಮರೆತು ಹೋಗುತ್ತೆ."

ಅದು ಮರೆತುಹೋಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವನು ಆಗಲೆಂದು ತಲೆಯಾಡಿಸಿದ.

ಮರುದಿನ ಬೆಳಿಗ್ಗೆ ಶಾಲೆಗೆ ಹೋದ. ಹಿಂದಿನ ದಿನ ತಂದಿಟ್ಟ ಹತ್ತು, ಮಕ್ಕಳ ಬ್ಯಾಗಿನಿಂದ ಇಪ್ಪತ್ತಾರು ಪೆಟ್ಟಿಗೆ ಗೋಣಿಗೆ ಬಿದ್ದವು. ಒಂದೊಂದರಿಂದಲೂ ಅಕ್ಷರದ ಬಿಲ್ಲೆಗಳನ್ನು ಸುರಿದು ಮಕ್ಕಳ ಕೈಗೇ ವಾಪಸು ಕೊಡುತ್ತಿದ್ದ. ಸಿವನೇಸ್ವರಿ ಟೀಚರ್ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು.

"ತಿಲ್ಲೈಯಣ್ಣ, ಬಣ್ಣ ಸರಿಯಿಲ್ಲ ಅಂದ್ರಿ."

"ಹೌದು ಟೀಚರ್, ಡಬ್ಬಿ ಹಳೇದು."

"ಬಣ್ಣ ಹಚ್ಚಿರೋದು ಬಿಲ್ಲೆಗೆ. ಅದನ್ನ ಮಕ್ಕಳಿಗೇ ಕೊಡ್ತಿದೀರಾ. ಬಣ್ಣ ಇಲ್ಲದ ಪೆಟ್ಟಿಗೆ ತಗೊಂಡು ಹೋಗ್ತಿದೀರಾ."

ತಿಲ್ಲೈಯ ಕೈಯಿಂದ ಒಂದು ಪೆಟ್ಟಿಗೆ ಜಾರಿ ಬಿತ್ತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಅದನ್ನೆತ್ತಿ, ಮೂಲೆ ನೋಡಿ, "ಗೀರಿದ್ರೆ ಮಾಮಂದು!" ಎಂದು ಅವನ ಕೈಗಿಟ್ಟಳು.

"ಮರಕ್ಕೆ ಹುಳ ಬಿದ್ದಿದೆ ಟೀಚರ್. ಮರಕ್ಕೂ ಬಿದ್ದಿದೆ."

"ನಿಮಗೇನಾಗಿದೆ?" ಟೀಚರ್ ದನಿ ತಗ್ಗಿಸಿದರು. "ಯಾರಾದ್ರೂ ಏನಾದ್ರೂ ಅಂದ್ರಾ? ಶಿಬಿರದೋರು?"

"ಇಲ್ಲ ಇಲ್ಲ. ಇನ್ನು ಆರು ಪೆಟ್ಟಿಗೆ ಎಲ್ಲಿದಾವೆ?"

"ಮನೇಲಿ ಬಿಟ್ಟು ಬಂದಿರ್ತಾವೆ. ಎರಡು ಮಕ್ಕಳಂತೂ ಇವತ್ತು ಬಂದೇ ಇಲ್ಲ."

ಅಂದು ಮಧ್ಯಾಹ್ನ ವರ್ಷದ ಮೊದಲ ದೊಡ್ಡ ಮಳೆ ಹೊಡೆಯಿತು. ಊರಿನ ಸುತ್ತ ಮೂರು ವರ್ಷದಿಂದ ಯಾರೂ ಉಳದ ನೆಲ. ಮಳೆ ಬಿದ್ದರೆ ಮೇಲಿನ ಮರಳು ಕೊಚ್ಚಿಹೋಗಿ, ಕೆಳಗಿದ್ದದ್ದು ಮೇಲೆ ಬರುತ್ತದೆ. ಅಲ್ಲಿ ಹುಟ್ಟಿದ ಮಗುವಿಗೂ ಇದು ಗೊತ್ತು. ತಗಡಿನ ಮೇಲೆ ಬೀಳುವ ನೀರಿನ ಸದ್ದು ಕೇಳುತ್ತ ತಿಲ್ಲೈ ಒಲೆಯ ಮುಂದೆ ಕೂತು ಪೆಟ್ಟಿಗೆಗಳನ್ನು ಒಂದೊಂದಾಗಿ ಉರಿಗೆ ಹಾಕಿದ. ಕಿವಿ ಮಾತ್ರ ಹೊರಗಿತ್ತು. ಗುಡುಗಿದಾಗಲೆಲ್ಲ ಗುಡುಗೇ ಹೌದೋ ಎಂದು ಉಸಿರು ಕಟ್ಟಿ ಕಾಯುತ್ತಿದ್ದ.

ಮಳೆ ನಿಂತದ್ದೇ ಸೈಕಲ್ ತೆಗೆದ. ಐದು ಮನೆಯಲ್ಲಿ ಐದು ಪೆಟ್ಟಿಗೆ ಸಿಕ್ಕಿತು. ಒಂದು ಮನೆಯಲ್ಲಿ ಅಜ್ಜಿಯೊಬ್ಬಳು ಅದರಲ್ಲಿ ಹೊಗೆಸೊಪ್ಪು ತುಂಬಿಟ್ಟುಕೊಂಡಿದ್ದಳು. ಕೊಡಲಾರೆನೆಂದು ಬಾಯಿಗೆ ಬಂದಂತೆ ಬೈದು, ಕೊನೆಗೆ ಕೊಟ್ಟಳು. ಕೊನೆಯದು ತರ್ಸಿಕಾಳ ಮನೆ.

ಅವಳು ಕೊಡದಿಂದ ನೀರು ಬಗ್ಗಿಸಿ ಕುಡಿಯುತ್ತಿದ್ದಳು. ಮೊಣಕೈಯವರೆಗೂ ಒದ್ದೆ ಮರಳು ಮೆತ್ತಿತ್ತು. ಅವ್ವ ಕೂಲಿಗೆ ಹೋಗಿದ್ದಳು.

"ಬಂಗಾರೀ, ನಿನ್ನ ಪೆಟ್ಟಿಗೆ ಕೊಡು. ಬೇರೆ ಮಾಡಿಕೊಡ್ತೀನಿ."

ಒಳಗಿಂದ ತಂದು ಕೊಟ್ಟಳು. ತಿಲ್ಲೈ ಉಸಿರು ಬಿಟ್ಟ. ಗೋಣಿಯ ಬಾಯಿ ಕಟ್ಟತೊಡಗಿದ.

"ಇನ್ನೊಂದು ಮಾತ್ರ ಕೊಡಲ್ಲ. ಅದು ನಂಗೇ ಸಿಕ್ಕಿದ್ದು."

ಅವನ ಬೆರಳುಗಳು ಹುರಿಯ ಮೇಲೆ ನಿಂತವು. "ಎಲ್ಲಿ ಸಿಕ್ತು?"

"ಹೇಳಲ್ಲ."

"ತರ್ಸಿಕಾ."

"ಬಚ್ಚಿಟ್ಟೋರು ಹೇಳಬಾರದು ಅಂತ ನೀವೇ ಹೇಳ್ಕೊಟ್ಟಿದ್ದು. ಹೇಳಿದ್ರೆ ಆಟ ಕೆಡುತ್ತೆ."

"ಕೈಯಲ್ಲಿ ಎತ್ತಿದ್ಯಾ?"

"ಇಲ್ಲಪ್ಪ. ಮೂಲೆ ಕಾಣ್ತಿತ್ತು. ಮೊದಲು ಹೆದರ್ಕೊಂಡೆ. ಆಮೇಲೆ ಉಫ್ ಅಂತ ಊದಿ ನೋಡಿದೆ. ನಿಮ್ಮ ಗೀರಿತ್ತು! ಮೇಲೆ ಮರಳು ಎಳೆದು ಉದ್ದಕ್ಕೆ ದಿಂಡು ಮಾಡಿಟ್ಟು ಬಂದಿದೀನಿ. ನಿರೋಜನ್ನೂ ಕಜನ್ನೂ ಊಹೆ ಮಾಡ್ಬೇಕು. ಅವರು ಆಗ್ಲೇ ಅಲ್ಲಿಗೆ ಹೋದ್ರು, ನಾನು ನೀರಿಗೆ ಬಂದೆ."

ಎರಡು ಕೈ ಹೆಣೆದು, ಮರಳಿನ ಮೇಲೆ ಒತ್ತಿ ಮುಚ್ಚುವ ಆಟ. ಅವನೇ ಕಲಿಸಿದ್ದು.

ತಿಲ್ಲೈಗೆ ಕೂಗಬೇಕೆನ್ನಿಸಿತು, ಅವಳ ತೋಳು ಹಿಡಿದು ಅಲುಗಿಸಬೇಕೆನ್ನಿಸಿತು. ಹಾಗೆ ಮಾಡಿದರೆ ಅತ್ತು ಬಾಯಿ ಕಟ್ಟಿಕೊಳ್ಳುತ್ತಾಳೆ, ಇಲ್ಲವೆ ಓಡುತ್ತಾಳೆ. ಅವಳ ಎದುರು ಕುಕ್ಕರಗಾಲಲ್ಲಿ ಕೂತ.

"ಒಂದು ರೂಲು ನಿಂಗೆ ಹೇಳೋದೇ ಮರೆತಿದ್ದೆ. ಹೊಸ ಪೆಟ್ಟಿಗೆ ಬಂದ್ರೆ ಮೊದಲ ಊಹೆ ಮಾಮಂದು."

"ಸುಳ್ಳು!"

"ಆಟ ಮಾಡಿದೋನು ನಾನು. ನನ್ನ ಬಿಟ್ಟು ಆಡಿದ್ರೆ ಆ ಆಟ ಲೆಕ್ಕಕ್ಕೇ ಇಲ್ಲ."

ಅವಳು ಮೂತಿ ಉಬ್ಬಿಸಿ ಯೋಚಿಸಿದಳು. ಅಷ್ಟರಲ್ಲಿ ಏನೇನು ಆಗಿಹೋಗಿರಬಹುದು ಎಂದು ಅವನ ಕಿವಿ ಹುಡುಕುತ್ತಿತ್ತು. "ಆಯ್ತು," ಅಂದಳು. "ಆದ್ರೆ ನೀವು ಗೆದ್ರೂ ಪೆಟ್ಟಿಗೆ ನಂಗೇ."

ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ತುಳಿದ. ಗಾಡಿದಾರಿ ಹಳೇ ಕೆರೆಯ ಒಡೆದ ಏರಿಯ ಹತ್ತಿರ ಮುಗಿಯುತ್ತಿತ್ತು. ಅಲ್ಲಿಂದಾಚೆ ಎರಡಾಳುದ್ದದಷ್ಟು ಮರಳು, ಆಮೇಲೆ ಕುರುಚಲು. ಬಾಂಬು ತೆಗೆಯುವವರ ಕೆಂಪು ತಲೆಯ ಗೂಟಗಳು ಇನ್ನೂ ಆಚೆಗೆ, ಕಾಡಿನ ಅಂಚಿನಲ್ಲಿದ್ದವು. ಈ ಮರಳಿನಲ್ಲಿ ಏನೂ ಇಲ್ಲವೆಂದು ಎಲ್ಲರೂ ಅಂದುಕೊಂಡಿದ್ದರು.

ಇಬ್ಬರು ಹುಡುಗರು ದಿಂಡಿನ ಮುಂದೆ ಮಂಡಿಯೂರಿದ್ದರು. ನಿರೋಜನ್ ಆಗಲೇ ಕೈ ಹೆಣೆದುಕೊಂಡಿದ್ದ. ದಿಂಡಿನ ಮೇಲೆ ಗೇಣೆತ್ತರದಲ್ಲಿ ಆ ಕೈಯನ್ನು ಅತ್ತಿತ್ತ ಆಡಿಸುತ್ತಿದ್ದ.

"ನಿರೋಜನ್." ದನಿ ಇಷ್ಟು ಮೆಲ್ಲಗೆ ಬರುತ್ತದೆಂದು ತಿಲ್ಲೈಗೇ ಗೊತ್ತಿರಲಿಲ್ಲ. "ಕೈ ಹಂಗೇ ಇರ್ಲಿ. ಕೆಳಗೆ ಇಳಿಸ್ಬೇಡ."

"ಯಾಕೆ ಮಾಮಾ? ನಂಗೆ ಗೊತ್ತಾಯ್ತು, ಇಲ್ಲೇ ಇದೆ!"

"ಗೊತ್ತು ನಿಂಗೆ ಗೊತ್ತಾಯ್ತು ಅಂತ. ಅದಕ್ಕೇ ಹೇಳ್ತಿರೋದು. ಮೊದಲ ಸರದಿ ನಂದು."

"ಮೋಸ! ನಾವು ಮೊದಲು ಬಂದಿದ್ದು!"

"ಮೊದಲ ಊಹೆ ಮಾಮಂದಂತೆ ಕಣೋ," ತರ್ಸಿಕಾ ದಾರಿಯಿಂದಲೇ ಕೂಗಿದಳು. "ಹೊಸ ರೂಲಂತೆ!"

"ಯಾವಾಗಿಂದ?"

"ಇವತ್ತಿಂದ," ಅಂದ ತಿಲ್ಲೈ. "ಇನ್ನೊಂದು ರೂಲಿದೆ. ಸುಮ್ಮನೆ ಎದ್ದು ಓಡಿದೋನು ಸೋತ. ನೀವು ಬಂದಾಗ ಮೂಡಿದ ಹೆಜ್ಜೆ ಇದಾವಲ್ಲ, ಅದರ ಮೇಲೇ ಕಾಲಿಡ್ತಾ ವಾಪಸ್ ದಾರಿಗೆ ಬರಬೇಕು. ಒಂದು ಹೆಜ್ಜೆ ತಪ್ಪಿದ್ರೂ ಔಟು. ಕಜನ್, ನೀನು ಮೊದಲು. ಮೆಲ್ಲಗೆ."

ಕಜನ್ ನಾಲಿಗೆ ಕಚ್ಚಿಕೊಂಡು, ಕೈ ಚಾಚಿ, ಹಗ್ಗದ ಮೇಲೆ ನಡೆಯುವವನಂತೆ ಬಂದ. ಆಮೇಲೆ ನಿರೋಜನ್. ನಡುವೆ ಒಮ್ಮೆ ತೂಕ ತಪ್ಪಿ ಒಂಟಿಕಾಲಲ್ಲಿ ಓಲಾಡಿದ. ತರ್ಸಿಕಾ ಕಿಲಕಿಲ ನಕ್ಕಳು. ತಿಲ್ಲೈ ಕಣ್ಣು ಮುಚ್ಚಿಕೊಂಡ. ಕಣ್ಣು ತೆರೆದಾಗ ಇಬ್ಬರೂ ದಾರಿಯ ಮೇಲಿದ್ದರು.

"ಈಗ ನೇರ ವಸಂತಕ್ಕನ ಡೇರೆಗೆ ಹೋಗಿ. ದಾರಿ ಬಿಟ್ಟು ಇಳೀಬೇಡಿ. ತಿಲ್ಲೈ ಮಾಮ ಕರೀತಿದಾನೆ, ಸಾಮಾನು ತಗೊಂಡು ಬನ್ನಿ ಅಂತ ಹೇಳಿ."

"ಪೆಟ್ಟಿಗೆ?" ತರ್ಸಿಕಾ ಕೇಳಿದಳು.

"ಅದು ನಂದಲ್ಲ," ಅಂದ. ಒಂದು ಗಳಿಗೆ ತಡೆದು, "ನಂದೇ. ಆದ್ರೂ ಮುಟ್ಟಬಾರದು. ಗೀರಿದ್ರೂ ಮುಟ್ಟಬಾರದು. ಹೋಗಿ" ಅಂದ.

ಅವನ ಮುಖ ನೋಡಿ ಮೂರೂ ಮಕ್ಕಳು ನಗು ನಿಲ್ಲಿಸಿ ಹೊರಟವು.

ದನಗಳು ಮನೆಗೆ ತಿರುಗುವ ಹೊತ್ತು. ಯಾವ ಹಸುವೂ ಅತ್ತ ಇಳಿಯದಂತೆ ಅವನು ಸೈಕಲ್ಲನ್ನು ಅಡ್ಡ ಹಾಕಿ ಕಾದ. ಲುಂಗಿ ಒದ್ದೆಯಾಗಿತ್ತು, ಮಳೆಯ ನೀರಲ್ಲ. ಹೊರಟುಬಿಡಬಹುದಿತ್ತು. ಮಕ್ಕಳು ಹೇಳಿದ್ದನ್ನು ಕೇಳಿ ತಂಡದವರು ಬಂದು ಎತ್ತಿಕೊಂಡು ಹೋಗುತ್ತಾರೆ, ತಾನು ಪಟ್ಟಣದ ಬಸ್ಸು ಹತ್ತಿದರೆ ಆಯಿತು. ಹಾಗೆ ಯೋಚಿಸಿದ್ದುಂಟು. ಮರಳಿನ ದಿಂಡು ಕಣ್ಣಿಗೆ ಕಾಣುತ್ತಿತ್ತು. ಪುಟ್ಟ ಬೆರಳುಗಳ ಗುರುತು ಅದರ ಮೇಲೆ ಉದ್ದಕ್ಕೂ ಇತ್ತು.

ವಸಂತಮಾಲಾ ಮತ್ತು ಇಬ್ಬರು ಬಂದರು. ಹಿಂದೆಯೇ ಸೇನಾ ಶಿಬಿರದ ಬಂಡಾರ, ಬೇರೆ ಭಾಷೆಯವನು. ಇಂಥ ಕೆಲಸಕ್ಕೆ ಒಬ್ಬ ಸೈನಿಕ ಜೊತೆಗಿರಬೇಕೆಂಬ ಕಾನೂನು. ಬಂಡಾರನಿಗೆ ತಿಲ್ಲೈ ಗೊತ್ತು. ನಾಲ್ಕು ತಿಂಗಳ ಹಿಂದೆ ತನ್ನ ಊರಿನಲ್ಲಿರುವ ಮಗಳಿಗಾಗಿ ಒಂದು ಪೆಟ್ಟಿಗೆ ಕೊಂಡಿದ್ದ. "ಅಕ್ಷರ ನಮ್ದು ಅಲ್ಲ, ಪೆಟ್ಟಿಗೆ ಚಂದ ಇದೆ" ಅಂದಿದ್ದ.

ಎಲ್ಲರನ್ನೂ ದೂರ ನಿಲ್ಲಿಸಿ ತಂಡದವರು ಕೆಲಸ ಮಾಡಿದರು. ಬಹಳ ಹೊತ್ತು ಹಿಡಿಯಿತು. ಕೊನೆಗೆ ವಸಂತಮಾಲಾ ಮುಖಕವಚ ಮೇಲೆತ್ತಿ, ಒಳಗಿನದೆಲ್ಲ ಬೇರೆ ಮಾಡಿ ಇಟ್ಟು, ಖಾಲಿ ಮರವನ್ನಷ್ಟೇ ಹಿಡಿದು ಬಂದಳು. ಅರ್ಧ ಗೆದ್ದಲು ತಿಂದ ಮರ. ಮುಚ್ಚಳ ಮಾತ್ರ ಗಟ್ಟಿಯಾಗಿತ್ತು. ಸೈಕಲ್ಲಿಗೆ ನೇತುಬಿದ್ದಿದ್ದ ಗೋಣಿಗೆ ಕೈಹಾಕಿ ತರ್ಸಿಕಾಳ ಪೆಟ್ಟಿಗೆ ತೆಗೆದಳು. ಎರಡನ್ನೂ ಪಕ್ಕಪಕ್ಕ ಹಿಡಿದಳು. ಅಗಲ ಒಂದೇ, ಮೂಲೆಯ ಕಚ್ಚು ಒಂದೇ, ಗೀರು ಒಂದೇ.

ಎಲ್ಲರೂ ತಿಲ್ಲೈಯ ಕಡೆ ತಿರುಗಿದರು. ಈಗಲೂ ಏನಾದರೂ ಹೇಳಬಹುದಿತ್ತು. ಯಾರೋ ನನ್ನ ಗೀರು ಕದ್ದಿದ್ದಾರೆ ಅನ್ನಬಹುದಿತ್ತು.

"ಅವನ್ನೂ ನಾನೇ ಮಾಡಿದ್ದು," ಅಂದ ತಿಲ್ಲೈ.

"ಎಷ್ಟು ಮಾಡಿದ್ರಿ?" ವಸಂತಮಾಲಾ ಕೇಳಿದಳು.

"ಎಣಿಸಿಲ್ಲ."

"ನಾವು ಎಣಿಸ್ತಾ ಇದೀವಿ ಅಣ್ಣ." ಪೆಟ್ಟಿಗೆಗಳನ್ನು ಕೆಳಗಿಟ್ಟಳು. "ನಮ್ಮ ತಂಡದ ಸೆಲ್ವಿ ಕಾಲು ಕಳ್ಕೊಂಡಿದ್ದು ಇಂಥದ್ದಕ್ಕೇ."

ಅವನು ತಲೆ ಎತ್ತಲಿಲ್ಲ. "ಶಾಲೇಲಿ ಹೇಳಬೇಕು ತಾಯಿ. ಇವತ್ತೇ. ನಾನೇ ಹೇಳ್ತೀನಿ. ಗೀರಿದ್ರೆ ಹೆದರಬೇಡಿ ಅಂತ ಹೇಳಿದ ಬಾಯಿ ಇದೇ."

ಬಂಡಾರ ಬಗ್ಗಿ ಹಳೆಯ ಮುಚ್ಚಳವನ್ನೆತ್ತಿ, ಹೆಬ್ಬೆರಳಿನಿಂದ ಗೀರನ್ನು ಸವರಿದ.

"ನನ್ನ ಮಗಳು ಇದರಲ್ಲಿ ಕ್ಲಿಪ್ಪು ಇಡ್ತದೆ," ಅಂದ ತನ್ನ ಹರುಕುಮುರುಕು ಮಾತಿನಲ್ಲಿ. ಮುಖ ಕಲ್ಲಾಗಿತ್ತು. "ಅಯ್ಯಾ, ನೀನು ಮೊದಲು ಶಾಲೆ ಹೋಗ್ತದೆ. ಆಮೇಲೆ ನನ್ನ ಸಂಗಡ ಬರ್ತದೆ."

ಶಾಲೆ ಬಿಟ್ಟು ಹೊತ್ತಾಗಿತ್ತು. ಟೀಚರ್ ಗಂಟೆ ಹೊಡೆದು ಮಕ್ಕಳನ್ನು ಮತ್ತೆ ಕರೆಸಿದರು, ಹಿಂದೆ ತಾಯಂದಿರೂ ಬಂದರು. ತಿಲ್ಲೈ ಎರಡು ಪೆಟ್ಟಿಗೆ ಹಿಡಿದು ನಿಂತು, ಹೇಳಬೇಕಾದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದ. ಗೀರಿದ್ದರೆ ನಿಲ್ಲಿ, ಬಂದ ಹೆಜ್ಜೆಯಲ್ಲೇ ವಾಪಸು ಹೋಗಿ. ಮೂರು ಸಲ ಹೇಳಿಸಿದ. ಈ ಸಲ ಮಕ್ಕಳು ರಾಗವಾಗಿ ಹೇಳಲಿಲ್ಲ. ನಿರೋಜನ್‌ನ ಅವ್ವ ನೆಟ್ಟಗೆ ಬಂದು ತಿಲ್ಲೈಯ ಕೆನ್ನೆಗೆ ಒಂದು ಬಿಟ್ಟಳು. ಆಮೇಲೆ ಅಲ್ಲೇ ಕೂತು ಅತ್ತಳು. ಬಂಡಾರ ಹೊರಗೆ ಕಾಯುತ್ತಿದ್ದ.

ಕರೆದುಕೊಂಡು ಹೋದವರು ಏಳು ತಿಂಗಳ ಮೇಲೆ ಬಿಟ್ಟರು. ಅಲ್ಲಿ ಏನಾಯಿತೆಂದು ಅವನು ಹೇಳುವುದಿಲ್ಲ. ಎಡಗೈಯ ಎರಡು ಬೆರಳು ಈಗ ಪೂರ್ತಿ ಮಡಚುವುದಿಲ್ಲ, ಅಷ್ಟು ಎಲ್ಲರಿಗೂ ಕಾಣುತ್ತದೆ. ಪ್ರತಿ ಗುರುವಾರ ಸೇನಾ ಶಿಬಿರಕ್ಕೆ ಹೋಗಿ ಸಹಿ ಹಾಕಬೇಕು. ಹಿಂದಿನ ಸಂಜೆ ತಟ್ಟೆಯ ಪುಟ್ಟನ್ನು ಹಾಗೇ ಬಿಟ್ಟು ಏಳುತ್ತಾನೆ. ಯೋಗಮಲರ್ ಗೇಟಿನವರೆಗೂ ಜೊತೆಗೆ ಹೋಗಿ, ಅವನು ಹೊರಗೆ ಬರುವವರೆಗೂ ಮರದಡಿ ನಿಂತಿರುತ್ತಾಳೆ. ಊರಿನಲ್ಲಿ ಮಾತು ಬಿಟ್ಟವರು ಇದ್ದಾರೆ. ವಸಂತಮಾಲಾ ಮಾತಾಡುತ್ತಾಳೆ, ನಗುವುದಿಲ್ಲ. ಅವಳ ಚಿತ್ರಪಟದಲ್ಲಿ ಈಗ ಗೀರಿನ ಫೋಟೋ ಬೇರೆಯಾಗಿ, ದೊಡ್ಡದಾಗಿ ಇದೆ.

ಆಟದ ಸಾಮಾನು ಮಾಡುವುದನ್ನು ಅವನು ಬಿಟ್ಟಿಲ್ಲ. ಬೇರೇನೂ ಬರುವುದಿಲ್ಲವಲ್ಲ. ಹಲಗೆಯಲ್ಲಿ ಹೆಜ್ಜೆಯ ಆಕಾರ ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಅಕ್ಷರ ಕೆತ್ತುತ್ತಾನೆ. ನೆಲದ ಮೇಲೆ ಹಾಸಿ ಮಕ್ಕಳು ಓದುತ್ತ ನಡೆಯಬೇಕು. ಎದುರಿನವರು "ನಿಲ್ಲು" ಅಂದಾಗ ಕಲ್ಲಿನಂತೆ ನಿಂತು, ಅದೇ ಹೆಜ್ಜೆಗಳ ಮೇಲೆ ಉಲ್ಟಾ ಓದುತ್ತ ವಾಪಸು ಬರಬೇಕು. ಪಟ್ಟಣದ ಕಚೇರಿ ಇದನ್ನೂ ಕೊಳ್ಳುತ್ತದೆ. ಪಕ್ಕದ ಮೂರು ಊರಿನ ಶಾಲೆಗಳಿಗೆ ಹೋಗಿದೆ. ಯೋಗಮಲರ್ ಹೊಲಿದ ಬಟ್ಟೆ ಚೀಲದಲ್ಲಿ ಹಾಕಿ ಕೊಡುತ್ತಾನೆ. ಒಂದು ಚಂದದ ಮರದ ಪೆಟ್ಟಿಗೆ ಮಾಡಿಕೊಡಿ ಎಂದು ಯಾರಾದರೂ ಕೇಳಿದರೆ, ಪೆಟ್ಟಿಗೆ ಕೆಲಸ ನನಗೆ ಬರುವುದಿಲ್ಲ ಅನ್ನುತ್ತಾನೆ. ಗೀರು ಯಾವುದಕ್ಕೂ ಹಾಕುವುದಿಲ್ಲ. ಕೈ ತಾನಾಗಿ ಬಲ ಮೂಲೆಗೆ ಹೋಗುತ್ತದೆ, ಉಳಿ ಕೆಳಗಿಟ್ಟು ಎದ್ದುಬಿಡುತ್ತಾನೆ.

ಹೆಜ್ಜೆ ಆಟದಲ್ಲಿ ತರ್ಸಿಕಾಳನ್ನು ಸೋಲಿಸುವವರಿಲ್ಲ. ತಿಲ್ಲೈ ಮಾಮ ಕೂಡ ಆಡಬೇಕೆಂದು ಹಟ ಹಿಡಿಯುತ್ತಾಳೆ. ಅವನು ಒಂದೋ ಎರಡೋ ಹೆಜ್ಜೆ ಇಡುತ್ತಾನೆ. ಅವಳು "ನಿಲ್ಲು" ಅಂದಾಗ ನಿಲ್ಲುತ್ತಾನೆ. ಮಂಡಿ ನಡುಗುವುದನ್ನು ನೋಡಿ ಮಕ್ಕಳು ಚಪ್ಪಾಳೆ ತಟ್ಟಿ ನಗುತ್ತವೆ, "ಮಾಮ ಅಲ್ಲಾಡಿದ, ಮಾಮ ಔಟು!"

ಮೊದಲ ಮಳೆ ಬಿದ್ದ ದಿನ ಮಾತ್ರ ಅವನು ಯಾರ ಜೊತೆಗೂ ಆಡುವುದಿಲ್ಲ. ಸೈಕಲ್ ತೆಗೆದುಕೊಂಡು ಗಾಡಿದಾರಿಯುದ್ದಕ್ಕೂ ಹೋಗುತ್ತಾನೆ. ಇಳಿಯುವುದಿಲ್ಲ. ಎರಡೂ ಕಡೆಯ ಮರಳನ್ನು ನೋಡುತ್ತ, ಕತ್ತಲಾಗುವವರೆಗೂ ಹೋಗುತ್ತಾನೆ, ಬರುತ್ತಾನೆ.